ಜೇನಾಗಲಿ ಬೆಲ್ಲವಾಗಲಿ, ಲೋಟದ ಸಿಹಿಗೂ ಲೆಕ್ಕವಿರಲಿ

“ಸಕ್ರಿ ಬಿಟ್ಟು ಮೂರ್ ತಿಂಗಳಾತ್ರಿ ಡಾಕ್ಟ್ರ. ಈಗ ಬರೇ ಬೆಲ್ಲದ ಚಾ. ಮುಂಜಾನೆ ಎದ್ದ ಕೂಡ್ಲೆ ಬೆಚ್ಚಗಿನ ನೀರಾಗ ಎರಡು ಚಮಚ ಜೇನುತುಪ್ಪ. ಆದ್ರೂ ರಿಪೋರ್ಟ್ ಯಾಕ ಹಿಂಗ ಬಂತ್ರಿ?”

ಶ್ರೀಮಠದ ಭಕ್ತರಾದ ಹಿರಿಯ ಒಕ್ಕಲಿಗರೊಬ್ಬರು ಇತ್ತೀಚೆಗೆ ನನ್ನೆದುರು ಕುಳಿತು ಕೇಳಿದ ಪ್ರಶ್ನೆಯಿದು. ಅವರ ದನಿಯಲ್ಲಿ ದೂರಿರಲಿಲ್ಲ, ನಿಜವಾದ ನೋವಿತ್ತು. ಅರವತ್ತು ವರ್ಷಗಳ ರೂಢಿಯನ್ನು ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟಿದ್ದರು. ಆದರೂ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ‘ಎಚ್‌ಬಿಎ1ಸಿ’ ಪರೀಕ್ಷೆಯ ಅಂಕಿ ಇಳಿಯುವ ಬದಲು ತುಸು ಏರಿತ್ತು. ಇಂಥ ಪ್ರಶ್ನೆಯನ್ನು ಕೇಳುವವರು ಅವರೊಬ್ಬರೇ ಅಲ್ಲವಾದ್ದರಿಂದ, ಅವರಿಗೆ ಹೇಳಿದ ಉತ್ತರವನ್ನೇ ಇಲ್ಲಿ ಭಕ್ತರೆಲ್ಲರ ಮುಂದಿಡಬಯಸುತ್ತೇನೆ.

ಚಮಚದ ಲೆಕ್ಕ

ನಮ್ಮ ಆಹಾರದಿಂದ ದೊರೆಯುವ ಶಕ್ತಿಯನ್ನು ಅಳೆಯುವ ಮಾನಕ್ಕೆ ಕ್ಯಾಲೊರಿ ಎನ್ನುತ್ತೇವೆ. ಸಕ್ಕರೆಯ ಜಾತಿಗೆ ಸೇರಿದ ಯಾವುದೇ ಪದಾರ್ಥದ ಒಂದು ಗ್ರಾಂ ನಮಗೆ ಸುಮಾರು 4 ಕ್ಯಾಲೊರಿ ಕೊಡುತ್ತದೆ. ಅದು ಕಾರ್ಖಾನೆಯಿಂದ ಬಂದಿರಲಿ, ಆಲೆಮನೆಯಿಂದ ಬಂದಿರಲಿ, ಜೇನುಗೂಡಿನಿಂದ ಬಂದಿರಲಿ, ದೇಹ ಆ ಭೇದವನ್ನು ಎಣಿಸುವುದಿಲ್ಲ.

ಅಂಚಿಗೆ ಸಮವಾಗಿ ತುಂಬಿದ ಒಂದು ಸಣ್ಣ ಚಹಾ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅದರಿಂದ 16 ಕ್ಯಾಲೊರಿ. ಅದೇ ಚಮಚದಲ್ಲಿ ಜೇನುತುಪ್ಪ 7 ಗ್ರಾಂ ತೂಗುತ್ತದೆ. ಜೇನಿನಲ್ಲಿ ನೂರಕ್ಕೆ ಹದಿನೇಳು-ಹದಿನೆಂಟು ಪಾಲು ನೀರು, ಉಳಿದದ್ದು ಬಹುಮಟ್ಟಿಗೆ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಕ್ಕರೆಗಳು. ಹೀಗಾಗಿ ತೂಕಕ್ಕೆ ತೂಕ ನೋಡಿದರೆ ಜೇನಿನ ಕ್ಯಾಲೊರಿ ಸಕ್ಕರೆಗಿಂತ ಕಡಿಮೆಯೇ: 100 ಗ್ರಾಂ ಸಕ್ಕರೆಗೆ ಹತ್ತಿರ ಹತ್ತಿರ 400, ಜೇನಿಗೆ ಸುಮಾರು 304. ಆದರೆ ಅಡುಗೆಮನೆಯಲ್ಲಿ ಯಾರೂ ತಕ್ಕಡಿ ಹಿಡಿದು ಜೇನು ಹಾಕುವುದಿಲ್ಲ, ಚಮಚದಲ್ಲಿ ಹಾಕುತ್ತಾರೆ. ಜೇನು ದಟ್ಟವಾದ ದ್ರವವಾದ್ದರಿಂದ ಚಮಚಕ್ಕೆ ಚಮಚ ಹೋಲಿಸಿದಾಗ ಲೆಕ್ಕ ತಿರುಗಿಬೀಳುತ್ತದೆ. ಒಂದು ಚಹಾ ಚಮಚ ಜೇನಿಗೆ 21 ಕ್ಯಾಲೊರಿ, ಊಟದ ದೊಡ್ಡ ಚಮಚಕ್ಕೆ 64.

ಬೆಲ್ಲ 100 ಗ್ರಾಂಗೆ 350ರಿಂದ 385 ಕ್ಯಾಲೊರಿ ಕೊಡುತ್ತದೆ. ಚಹಾಕ್ಕೆ ಹಾಕುವ 10 ಗ್ರಾಂನ ಸಣ್ಣ ತುಂಡಿನಲ್ಲಿ ಕನಿಷ್ಠ 35 ಕ್ಯಾಲೊರಿ ಇದ್ದೇ ಇರುತ್ತದೆ. ಬೆಲ್ಲದ ಸಿಹಿ ಸಕ್ಕರೆಯಷ್ಟು ಚುರುಕಲ್ಲ. ಆದಕಾರಣ ಕೈ ತಾನಾಗಿಯೇ ಸ್ವಲ್ಪ ಹೆಚ್ಚು ಹಾಕುತ್ತದೆ.

ಈಗ ನಮ್ಮ ಹಿರಿಯರ ದಿನವನ್ನು ಲೆಕ್ಕ ಹಾಕೋಣ. ಮೊದಲು ಅವರು ದಿನಕ್ಕೆ ಐದು ಕಪ್ಪು ಚಹಾ ಕುಡಿಯುತ್ತಿದ್ದರು. ಕಪ್ಪಿಗೆ ಎರಡು ಚಮಚದಂತೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಈಗ ಅದೇ ಐದು ಕಪ್ಪಿಗೆ ಹತ್ತು ಹತ್ತು ಗ್ರಾಂನಂತೆ 50 ಗ್ರಾಂ ಬೆಲ್ಲ, ಸುಮಾರು 180 ಕ್ಯಾಲೊರಿ. ಅದರ ಮೇಲೆ ಮುಂಜಾನೆಯ ಎರಡು ಚಮಚ ಜೇನಿನ 42. ಒಟ್ಟು 220 ದಾಟಿತು. ಸಕ್ಕರೆ ಬಿಟ್ಟವರು ಬಿಡುವುದಕ್ಕಿಂತ ಮೊದಲು ತೆಗೆದುಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು ಸಿಹಿಯನ್ನು ತೆಗೆದುಕೊಳ್ಳುತ್ತಿದ್ದರು. ರಿಪೋರ್ಟ್ ಸುಳ್ಳು ಹೇಳಿರಲಿಲ್ಲ; ಚಮಚವನ್ನು ಎಣಿಸುವವರು ಇರಲಿಲ್ಲ, ಅಷ್ಟೇ.

ಈ 220 ಕ್ಯಾಲೊರಿಯನ್ನು ಕರಗಿಸಲು ಸಾಧಾರಣ ಮೈಕಟ್ಟಿನವರು ಹೆಚ್ಚುಕಡಿಮೆ ಒಂದು ಗಂಟೆ ನಡೆಯಬೇಕು. ಒಂದು ಜೋಳದ ರೊಟ್ಟಿಯಲ್ಲಿ ಇದಕ್ಕಿಂತ ಕಡಿಮೆ ಕ್ಯಾಲೊರಿಯಿದೆ. ಆದರೆ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ನಾರು ಕೊಡುತ್ತದೆ, ಪ್ರೋಟೀನ್ ಕೊಡುತ್ತದೆ. ಕುಡಿದ ಸಿಹಿಯಾದರೋ ಗಂಟಲಿನಿಂದಿಳಿದು ಹೋಗುತ್ತದೆ, ಹಸಿವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಐದು ಕಪ್ಪು ಚಹಾ ಕುಡಿದೆನೆಂದು ಯಾರೂ ಊಟದಲ್ಲಿ ಒಂದು ರೊಟ್ಟಿ ಕಡಿಮೆ ಮಾಡುವುದಿಲ್ಲ. ಆದುದರಿಂದಲೇ ತಟ್ಟೆಯ ಲೆಕ್ಕಕ್ಕಿಂತ ಲೋಟದ ಲೆಕ್ಕ ಮೊದಲು ಆಗಬೇಕೆಂಬುದು ನನ್ನ ಅಭಿಪ್ರಾಯ.

‘ನೈಸರ್ಗಿಕ’ ಎಂಬ ಮಾತು

“ಜೇನು ಅಮೃತಸಮಾನ, ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ, ಸಕ್ಕರೆಯ ಜೊತೆ ಅವುಗಳನ್ನು ಹೋಲಿಸಬಹುದೇ?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ.

ಬೆಲ್ಲದಲ್ಲಿ ಕಬ್ಬಿಣ ಇರುವುದು ನಿಜ. ಆದರೆ 10 ಗ್ರಾಂ ಬೆಲ್ಲದಲ್ಲಿ ಅದು ಅರ್ಧ ಮಿಲಿಗ್ರಾಂನಷ್ಟೂ ಇರುವುದಿಲ್ಲ. ವಯಸ್ಕ ಹೆಣ್ಣುಮಗಳೊಬ್ಬಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಷ್ಟನ್ನು ಬೆಲ್ಲದಿಂದಲೇ ಪಡೆಯಹೊರಟರೆ ಅರ್ಧ ಕಿಲೋಗೂ ಹೆಚ್ಚು ತಿನ್ನಬೇಕಾದೀತು! ಸಾಲದ್ದಕ್ಕೆ ಚಹಾದಲ್ಲಿರುವ ಒಗರಿನ ಅಂಶ ಕಬ್ಬಿಣ ರಕ್ತಕ್ಕೆ ಸೇರುವುದನ್ನೇ ತಡೆಯುತ್ತದೆ. ರಕ್ತಹೀನತೆಗೆ ಸೊಪ್ಪು, ಕಾಳು, ನಿಂಬೆರಸ ಮತ್ತು ವೈದ್ಯರು ಕೊಡುವ ಗುಳಿಗೆಗಳೇ ದಾರಿ; ಬೆಲ್ಲದ ಚಹಾ ಅಲ್ಲ.

ಜೇನಿನ ವಿಷಯದಲ್ಲಿ ಆಯುರ್ವೇದದ ಹೆಸರನ್ನು ಹೇಳುವವರು ಆಯುರ್ವೇದದ ಮಾತನ್ನು ಪೂರ್ತಿಯಾಗಿ ಕೇಳಬೇಕು. ಜೇನು ಮೇದಸ್ಸನ್ನು ಕೆರೆದು ತೆಗೆಯುವ ಗುಣವುಳ್ಳದ್ದೆಂದು ಅಲ್ಲಿ ಹೇಳಿರುವುದುಂಟು. ಆದರೆ ಆ ಗುಣವನ್ನು ಹೇಳಿದ್ದು ಹಳೆಯ ಜೇನಿಗೆ. ಹೊಸ ಜೇನು ಮೈ ತುಂಬಿಸುವಂಥದ್ದೆಂದು ಸುಶ್ರುತರು ಬೇರೆ ಮಾಡಿ ಹೇಳಿದ್ದಾರೆ. ಜೇನನ್ನು ಕಾಯಿಸಬಾರದು, ಬಿಸಿಯೊಡನೆ ಸೇವಿಸಬಾರದು ಎಂಬುದು ಚರಕರ ಸ್ಪಷ್ಟ ನಿಷೇಧ. ಕುದಿಯುವ ನೀರಿಗೆ ನಿನ್ನೆ ತಂದ ಸೀಸೆಯ ಜೇನು ಬೆರೆಸಿ, “ಇದು ಕೊಬ್ಬು ಕರಗಿಸುವ ಆಯುರ್ವೇದ” ಎನ್ನುವುದು ಎರಡು ಶಾಸ್ತ್ರಗಳಿಗೂ ಒಪ್ಪದ ಮಾತು. ಮುಂಜಾನೆಯ ಬೆಚ್ಚಗಿನ ನೀರು ಒಳ್ಳೆಯದೇ. ತೂಕ ಇಳಿಸಬೇಕೆನ್ನುವವರು ಅದನ್ನು ನೀರಾಗಿಯೇ ಕುಡಿಯಲಿ, ಬೇಕಾದರೆ ನಿಂಬೆಯ ನಾಲ್ಕು ಹನಿ ಹಿಂಡಿಕೊಳ್ಳಲಿ.

ಇನ್ನು ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚಿರುವುದರಿಂದ ಅದು ರಕ್ತದ ಸಕ್ಕರೆಯನ್ನು ಸ್ವಲ್ಪ ನಿಧಾನವಾಗಿ ಏರಿಸಬಹುದು. ಆದರೆ ಏರಿಸುವುದಂತೂ ಸತ್ಯ. ಅತಿಯಾದ ಫ್ರಕ್ಟೋಸ್ ಯಕೃತ್ತಿನಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಿತಿಯೊಳಗಿಡಬೇಕಾದ ಸಕ್ಕರೆಗಳ ಪಟ್ಟಿಗೆ ಜೇನು, ಪಾಕ, ಹಣ್ಣಿನ ರಸ ಇವೆಲ್ಲವನ್ನೂ ಸೇರಿಸಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇವುಗಳ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಐದಕ್ಕಿಳಿಸಿದರೆ ಇನ್ನೂ ಒಳಿತು. ಐದೆಂದರೆ ಸುಮಾರು 25 ಗ್ರಾಂ, ಆರು ಚಮಚ. ಇಡಿಯಾಗಿ ತಿನ್ನುವ ಹಣ್ಣು, ಹಾಲಿನಲ್ಲಿ ಸಹಜವಾಗಿರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಹಿರಿಯರು ಕುಡಿಯುವುದರಲ್ಲಿಯೇ ಆ ಮಿತಿಯ ಎರಡರಷ್ಟನ್ನು ಮುಗಿಸುತ್ತಿದ್ದರು.

ಜೇನಿಗೆ ಸ್ಥಾನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೆಮ್ಮಿದಾಗ ಅರ್ಧ ಚಮಚ ಜೇನು ಗಂಟಲಿಗೆ ಹಿತ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆಯ ಅಂಶ ಒಮ್ಮೆಗೇ ಕುಸಿದು ಬೆವರು, ನಡುಕ ಬಂದಾಗ, ಎಚ್ಚರವಿರುವವರಿಗೆ ಒಂದು ದೊಡ್ಡ ಚಮಚ ಜೇನು ಅಥವಾ ಮೂರು ಚಮಚ ಸಕ್ಕರೆ ಕೂಡಲೇ ಕೊಡಬೇಕು. ಅಲ್ಲಿ ಅದು ಔಷಧ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಹಸುಗೂಸಿನ ನಾಲಿಗೆಗೆ ಜೇನು ತಾಗಿಸುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಶುದ್ಧ ಜೇನಿನಲ್ಲಿಯೂ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿದರೆ ಮಗುವಿನ ಸ್ನಾಯುಗಳು ಸೋತು ಉಸಿರಿಗೇ ಸಂಚಕಾರ ಬರುತ್ತದೆ. ಅಜ್ಜಿಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಈ ಒಂದು ರೂಢಿಯನ್ನು ಬಿಡಿ.

ಕ್ಯಾಲೊರಿ ಇಲ್ಲದ ಸಿಹಿ

“ಹಾಗಾದರೆ ಸಿಹಿ ಗುಳಿಗೆ ಹಾಕಿಕೊಳ್ಳೋಣವೇ?” ಎಂಬುದು ಮುಂದಿನ ಪ್ರಶ್ನೆ. ಸುಕ್ರಲೋಸ್, ಆಸ್ಪರ್ಟೇಮ್, ಸ್ಟೀವಿಯಾ ಮೊದಲಾದವುಗಳ ಕ್ಯಾಲೊರಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಆದರೂ ತೂಕ ಇಳಿಸುವ ಸಲುವಾಗಿ ಇವುಗಳನ್ನು ನೆಚ್ಚಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸದು. ಅವರು ತಮ್ಮ ವೈದ್ಯರನ್ನು ಕೇಳಿ ಮಿತವಾಗಿ ಬಳಸಬಹುದು. ಆದರೆ ಗುಳಿಗೆ ಸಕ್ಕರೆಯನ್ನು ತೆಗೆಯುತ್ತದೆಯೇ ಹೊರತು ಸಿಹಿಯ ಹಂಬಲವನ್ನು ತೆಗೆಯುವುದಿಲ್ಲ. ನಾಲಿಗೆಯನ್ನು ಪಳಗಿಸುವುದೇ ಬಾಳಿಕೆಯ ದಾರಿ. ಎರಡು ಚಮಚ ಹಾಕಿಕೊಳ್ಳುವವರು ಈ ವಾರ ಒಂದೂವರೆ, ಹದಿನೈದು ದಿನ ಬಿಟ್ಟು ಒಂದು, ಆ ಬಳಿಕ ಅರ್ಧ ಎಂದು ಇಳಿಸುತ್ತ ಬರಲಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಹಿಂದಿನ ಚಹಾವೇ ಅತಿ ಸಿಹಿಯೆನಿಸುತ್ತದೆ.

ಪ್ರಸಾದಕ್ಕೂ ಮಿತಿಗೂ ವಿರೋಧವಿಲ್ಲ

ಕೊನೆಯದಾಗಿ, ಭಕ್ತರ ಮನಸ್ಸಿನಲ್ಲಿರಬಹುದಾದ ಒಂದು ಸಂದೇಹ. ಉಣ್ಣುವುದನ್ನು ಕುಡಿಯುವುದನ್ನು ಹೀಗೆ ಅಂಕಿಗಳಲ್ಲಿ ಎಣಿಸುವುದು ಪ್ರಸಾದಬುದ್ಧಿಗೆ ಕುಂದಲ್ಲವೇ?

ನನಗೆ ಹಾಗೆ ತೋರುವುದಿಲ್ಲ. ಲಿಂಗಕ್ಕೆ ಅರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ. ಪ್ರಸಾದವೆಂದ ಮೇಲೆ ಅದನ್ನು ಚೆಲ್ಲುವಂತಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ನೀಡಿಸಿಕೊಳ್ಳುವಂತಿಲ್ಲ. ಶರಣರು ಕಾಯವನ್ನು ಲಿಂಗಪೂಜೆಯ ತಾಣವೆಂದು ಕಂಡರು. ಕಾಯಕದಲ್ಲಿ ಗಳಿಸಿದ್ದಕ್ಕೆ, ದಾಸೋಹಕ್ಕೆ ಸಲ್ಲಿಸಿದ್ದಕ್ಕೆ ಲೆಕ್ಕವಿಟ್ಟವರು ನಾವು. ಕಾಯಕ್ಕೆ ಸಲ್ಲಿಸಿದ್ದಕ್ಕೆ ಲೆಕ್ಕವಿಡುವುದರಲ್ಲಿ ತಪ್ಪೇನಿದೆ? ನೂರು ದಾಟಿ ಬದುಕಿದ ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ಹೊಟ್ಟೆ ತುಂಬ ಉಣಬಡಿಸಿ, ತಾವು ಮಾತ್ರ ಮಿತಾಹಾರದಲ್ಲಿದ್ದುದನ್ನು ನಾಡೇ ಕಂಡಿದೆ. ನೀಡುವುದರಲ್ಲಿ ಧಾರಾಳ, ತೆಗೆದುಕೊಳ್ಳುವುದರಲ್ಲಿ ಮಿತಿ: ಇವೆರಡೂ ಒಟ್ಟಿಗೆ ಇರಬಲ್ಲವು.

ತೊಡಕಿರುವುದು ನಮ್ಮ ಉಪಚಾರದಲ್ಲಿ. ಬಂದವರಿಗೆ ಸಿಹಿ ಕಡಿಮೆಯಾದರೆ ಮನೆಯ ಮರ್ಯಾದೆಗೆ ಕುಂದೆಂದು ತಿಳಿಯುತ್ತೇವೆ. “ಒಲ್ಲೆ” ಎಂದವರಿಗೆ “ಬೆಲ್ಲದ್ದರೀ, ಏನೂ ಆಗಂಗಿಲ್ಲ” ಎಂದು ಒತ್ತಾಯಿಸುತ್ತೇವೆ. ಒಂದು ದಿನದಲ್ಲಿ ನಾಲ್ಕು ಮನೆಗೆ ಹೋದವರು ನಾಲ್ಕು ಮನೆಯ ಪ್ರೀತಿಯನ್ನೂ ಕುಡಿದು ಬರಬೇಕಾಗುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಮಿಕ್ಕಿದ್ದಾರೆ. ನಮ್ಮ ಮನೆಗೆ ಬಂದ ಅತಿಥಿ ಅವರಲ್ಲೊಬ್ಬರಾಗಿರಬಹುದು. ಚಹಾಕ್ಕೆ ಮೊದಲೇ ಸಿಹಿ ಕುದಿಸದೆ, ಸಕ್ಕರೆಯನ್ನೋ ಬೆಲ್ಲದ ಪುಡಿಯನ್ನೋ ಬೇರೆ ಬಟ್ಟಲಲ್ಲಿಟ್ಟು “ಎಷ್ಟು ಹಾಕಲಿ?” ಎಂದು ಕೇಳುವುದು ಜಿಪುಣತನವಾಗದು. ಅದೇ ನಿಜವಾದ ಆದರ.

ಇದೇ ಮಾತನ್ನು ನಮ್ಮ ಸಾರ್ವಜನಿಕ ದಾಸೋಹಕ್ಕೂ ಅನ್ವಯಿಸಬೇಕೆಂದು ವಿನಯದಿಂದ ಸೂಚಿಸುತ್ತೇನೆ. ಬಸವ ಜಯಂತಿ ಬರುವುದು ಬಿರುಬೇಸಿಗೆಯಲ್ಲಿ. ಅಂದು ಬೀದಿ ಬೀದಿಗಳಲ್ಲಿ ಪಾನಕ ಹಂಚುವುದು ಪುಣ್ಯದ ಕಾರ್ಯ. ಆದರೆ ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಹಾಕಿದ ಪಾನಕದ 200 ಮಿಲಿಲೀಟರಿನ ಲೋಟದಲ್ಲಿ 25 ಗ್ರಾಂಗೂ ಹೆಚ್ಚು ಬೆಲ್ಲವಿರುತ್ತದೆ. ಒಂದೇ ಲೋಟಕ್ಕೆ ದಿನದ ಮಿತಿ ಹೆಚ್ಚುಕಡಿಮೆ ಮುಗಿಯಿತು. ಬೆಲ್ಲವನ್ನು ಅರ್ಧಕ್ಕಿಳಿಸಿ ನಿಂಬೆ, ಶುಂಠಿ, ಏಲಕ್ಕಿಗಳನ್ನು ತುಸು ಮುಂದೆ ಮಾಡಿದರೆ ರುಚಿ ಕೆಡುವುದಿಲ್ಲ. ಪಕ್ಕದಲ್ಲಿಯೇ ಇನ್ನೊಂದು ಹಂಡೆಯಲ್ಲಿ ತೆಳು ಮಜ್ಜಿಗೆ ಇರಲಿ. ಉಪ್ಪು ಕಡಿಮೆ, ಕೊತ್ತಂಬರಿ-ಕರಿಬೇವು ಹೆಚ್ಚು. ಮಧುಮೇಹಿಗಳೂ ಸಂಕೋಚವಿಲ್ಲದೆ ಕೈಯೊಡ್ಡಿ ಕುಡಿಯುವಂತಾಗಲಿ.

ನಮ್ಮ ಹಿರಿಯರು ಈಗ ಬೆಲ್ಲ ಬೇಕೋ ಸಕ್ಕರೆ ಬೇಕೋ ಎಂದು ಕೇಳುವುದನ್ನು ಬಿಟ್ಟಿದ್ದಾರೆ. ಎರಡು ಕಪ್ಪು ಚಹಾ, ಕಪ್ಪಿಗೆ ಅರ್ಧ ಚಮಚ. ಉಳಿದ ಹೊತ್ತಿನಲ್ಲಿ ಮಜ್ಜಿಗೆ. ಗುಳಿಗೆಗಳನ್ನು ತಮ್ಮಷ್ಟಕ್ಕೆ ನಿಲ್ಲಿಸಬಾರದೆಂದೂ ಅವರಿಗೆ ತಿಳಿಸಿದ್ದೇನೆ. ಮುಂದಿನ ಪರೀಕ್ಷೆಗೆ ಇನ್ನೂ ಸಮಯವಿದೆ. ಫಲ ಏನೇ ಬರಲಿ, ಈ ಸಲ ಅವರ ಲೆಕ್ಕ ಸರಿಯಾಗಿದೆ. ನಾಳೆ ಮುಂಜಾನೆ ಚಹಾಕ್ಕೆ ಕುಳಿತಾಗ ಪ್ರತಿಯೊಬ್ಬರೂ ತಮ್ಮ ದಿನದ ಚಮಚಗಳನ್ನು ಒಮ್ಮೆ ಎಣಿಸಿ ನೋಡಲೆಂಬುದೇ ನನ್ನ ವಿನಂತಿ.