ಆಟ ಮುಗಿಯುವುದು ಯಾವಾಗ?

ವಿಡಿಯೊ ಗೇಮ್ ಎಂದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಆಡಿದರೆ ಬುದ್ಧಿ ಚುರುಕಾಗುತ್ತದೆ ಎನ್ನುವುದು ಮಕ್ಕಳ ಪಕ್ಷ. ಆಡಿದವರೆಲ್ಲ ಕೆಟ್ಟರು ಎನ್ನುವುದು ಹಿರಿಯರ ಪಕ್ಷ. ಎರಡೂ ಅರ್ಧ ಸತ್ಯವೇ.

ಲಾಭವನ್ನು ಅಲ್ಲಗಳೆಯುವಂತಿಲ್ಲ. ವೇಗದ ಆಟಗಳನ್ನು ಆಡುವವರ ದೃಷ್ಟಿಗಮನ ಚುರುಕಾಗಿರುತ್ತದೆ ಎಂಬ ಅಧ್ಯಯನವನ್ನು 2003ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತು. 2007ರ ಅಮೆರಿಕದ ಅಧ್ಯಯನವೊಂದರಲ್ಲಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಆಡಿದ್ದ ಶಸ್ತ್ರವೈದ್ಯರು ಲ್ಯಾಪ್ರೊಸ್ಕೋಪಿ ತರಬೇತಿಯಲ್ಲಿ ಶೇ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಅನ್ನಕ್ಕೂ ಇದು ದಾರಿಯಾಗಿದೆ. ಗೇಮ್ ತಯಾರಿಸುತ್ತಿದ್ದ ಧ್ರುವ ಇಂಟರಾಕ್ಟಿವ್ ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ಹುಟ್ಟಿದ ಕಂಪನಿ. ಹಾಗೆಂದು ಪರದೆಯ ಮೇಲಿನ ಚಳಕ ಗಣಿತದ ಪುಸ್ತಕಕ್ಕೆ ತಾನಾಗಿ ಇಳಿದುಬರುವುದಿಲ್ಲ.

ಇನ್ನು ನಷ್ಟದ ಮಾತು. ಗೇಮಿಂಗ್ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಊಟ, ನಿದ್ದೆ, ಓದಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು. ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೆದರೆ ಅದು ಕಾಯಿಲೆ. ರಜೆಯಲ್ಲಿ ಎರಡು ದಿನ ಆಡಿದ ಹುಡುಗ ರೋಗಿಯಲ್ಲ.

ಹಿಂದಿನ ವಿಡಿಯೊ ಗೇಮ್ ಪಾರ್ಲರುಗಳಲ್ಲಿ ಜೇಬಿನ ನಾಣ್ಯ ಮುಗಿದರೆ ಆಟವೂ ಮುಗಿಯುತ್ತಿತ್ತು. ಇಂದಿನ ಅನೇಕ ಮೊಬೈಲ್ ಆಟಗಳಿಗೆ ಕೊನೆಯೇ ಇಲ್ಲ. ನಿತ್ಯ ಬಂದವರಿಗೆ ಬಹುಮಾನ, ತಪ್ಪಿಸಿಕೊಂಡವರಿಗೆ ನಷ್ಟ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಆದರೆ ಹೊತ್ತನ್ನು ಪಣಕ್ಕಿಡುವ ಆಟಕ್ಕೆ ಯಾವ ಕಾಯ್ದೆ?

ನಮ್ಮ ಉತ್ತರ ಬೆಂಗಳೂರಿನ ಸ್ಥಿತಿ ನೋಡಿ. ಅಪ್ಪ ಹೆಬ್ಬಾಳದ ಮೇಲ್ಸೇತುವೆಯಲ್ಲಿ, ಅಮ್ಮ ಯಶವಂತಪುರದ ಸಿಗ್ನಲ್ಲಿನಲ್ಲಿ. ಮಗು ಯಲಹಂಕದ ಮೂರನೇ ಮಹಡಿಯಲ್ಲಿ ಒಂಟಿ. ಆಡುತ್ತಿದ್ದ ಖಾಲಿ ಸೈಟಿನಲ್ಲಿ ಕಟ್ಟಡ ಎದ್ದಿದೆ. ರಸ್ತೆಗೆ ಇಳಿಯಬೇಡ ಎಂದು ಹೇಳಿ ಕೈಗೆ ಮೊಬೈಲು ಕೊಟ್ಟವರು ನಾವೇ ಅಲ್ಲವೇ? ಮಗುವಿಗೆ ಗೆಳೆಯರು ಸಿಗುವುದು ಅಲ್ಲೇ ಆದರೆ, ಏಕಾಏಕಿ ಮೊಬೈಲು ಕಸಿದುಕೊಂಡಾಗ ಆಟದ ಜೊತೆ ಗೆಳೆತನವೂ ಹೋಗುತ್ತದೆ. ರಂಪ ಆಗುವುದು ಅದಕ್ಕೇ.

ಕಸಿಯುವ ಬದಲು ಗಡಿ ಹಾಕಿ. ಯಾವ ಆಟ, ಎಷ್ಟು ಹೊತ್ತು ಎಂಬುದನ್ನು ಮಗುವಿನೊಡನೆ ಕೂತು ಮೊದಲೇ ಗೊತ್ತುಮಾಡಿ. ರಾತ್ರಿ ಮಲಗುವ ಕೋಣೆಗೆ ಮೊಬೈಲು ಬೇಡ, ನಿಮ್ಮದೂ ಸೇರಿ. ಭಾನುವಾರ ಬೆಳಿಗ್ಗೆ ಪಾರ್ಕಿಗೋ ಮೈದಾನಕ್ಕೋ ಕರೆದೊಯ್ಯಿರಿ. ಅಷ್ಟಾದರೂ ಹಿಡಿತಕ್ಕೆ ಬಾರದಿದ್ದರೆ ನಾಚಿಕೆ ಬೇಡ. ಇಂಥ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ಆರಂಭಿಸಿತು. 14416ಕ್ಕೆ ಕರೆ ಮಾಡಿದರೆ ಸರಕಾರದ ಟೆಲಿ-ಮಾನಸ್ ಸಹಾಯವಾಣಿ ಸಿಗುತ್ತದೆ.

ಆಟವಾಡುವುದು ಮಕ್ಕಳ ಹಕ್ಕು. ಆಟ ಮುಗಿಸುವುದನ್ನು ಕಲಿಸುವುದು ಹಿರಿಯರ ಕೆಲಸ.