ಅಳೆಯುವವರ ಸಂಬಳ

ಹಿರಿಯೂರಿನ ಹೋಟೆಲಿನಲ್ಲಿ ಮಳೆಗಾಲದ ಬೆಳಿಗ್ಗೆ ಕೂತವರು ಕಾಫಿ ಬರುವ ಮೊದಲೇ ಕೇಳುವ ಮಾತು ಒಂದೇ: ‘ಡ್ಯಾಂ ಎಷ್ಟು ಅಡಿ ಐತಂತೆ?’ ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರದ, ನೀರಿನ ಮಟ್ಟ ಇಲ್ಲಿ ಮಕ್ಕಳಿಗೂ ಗೊತ್ತು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಇನ್ನೊಮ್ಮೆ. ಆ ದಿನಗಳಲ್ಲಿ ಬಾಗಿನ ಕೊಡಲು ಹೋದವರ ಸಂಭ್ರಮವನ್ನು ಪತ್ರಿಕೆಗಳೆಲ್ಲ ಬರೆದವು. ನನಗೆ ಅಂದು ನೆನಪಾದದ್ದು ಬೇರೊಬ್ಬರು. ಆ 89 ವರ್ಷವೂ, ಕೆರೆ ತಳ ಕಂಡ ವರ್ಷಗಳಲ್ಲೂ, ಅಣೆಕಟ್ಟಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆದಿಟ್ಟ ನೌಕರರು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು ಬಂದರು. ಅವರ ಸಂಬಳ ಪ್ರತಿ ವರ್ಷ ಯಾವುದೋ ಬಜೆಟ್ಟಿನ ಯಾವುದೋ ಸಣ್ಣ ಸಾಲಿನಲ್ಲಿ ತಪ್ಪದೆ ಬಂತು. 1933ರ ಪಕ್ಕದಲ್ಲಿ 2022ನ್ನು ಇಟ್ಟು ನಾವು ಇಂದು ಮಾತಾಡುತ್ತಿದ್ದೇವೆ ಎಂದರೆ ಅದು ಅವರಿಂದ.

ಅಂಥ ಸಣ್ಣ ಸಾಲುಗಳ ಬಗ್ಗೆಯೇ ಈ ವಾರ ಬರೆಯಬೇಕು ಅನ್ನಿಸಿದ್ದು ಚಿಕ್ಕಪ್ಪನ ದಾಳಿಂಬೆ ತೋಟಕ್ಕೆ ಹೋಗಿ ಬಂದ ಮೇಲೆ.

ಚಿಕ್ಕಪ್ಪ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ್ದರು. ತೋಟಗಾರಿಕೆ ಬೆಳೆಯಾದ್ದರಿಂದ ವಿಮಾ ಮೊತ್ತದ ಶೇ 5ರಷ್ಟು ಕಂತು ರೈತನದು, ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಈ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಬೆಳೆ ನೋಡುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಎಷ್ಟು ಮಿಲಿಮೀಟರ್ ಹೇಳುತ್ತದೋ ಅದರ ಮೇಲೆ ಪರಿಹಾರ. ಕಾಯಿ ಕಟ್ಟುವ ಹೊತ್ತಿಗೆ ಮೂರು ದಿನ ಬಿಡದೆ ಹೊಡೆದ ಮಳೆಗೆ ಗಿಡಕ್ಕೆ ದುಂಡಾಣು ಅಂಗಮಾರಿ ತಗುಲಿತು. ಎಲೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಚುಕ್ಕಿ, ಕಾಯಿ ಕಪ್ಪಾಗಿ ಸೀಳಿ ಹೋದವು. ಮಾಪಕ ಇದ್ದದ್ದು ಐದಾರು ಕಿಲೋಮೀಟರ್ ಆಚೆ. ಅಲ್ಲಿ ಅಷ್ಟು ಮಳೆ ಬಿದ್ದಿರಲಿಲ್ಲ. ನಮ್ಮ ಸೀಮೆಯ ಮಳೆಯೇ ಹಾಗೆ, ಎತ್ತಿನ ಒಂದು ಕೋಡು ನೆನೆದರೆ ಇನ್ನೊಂದು ಒಣ.

‘ನಂ ತೋಟದಾಗೆ ಬಿದ್ದ ಮಳೆ ನಾನು ನೋಡೀನಪ್ಪ, ಆ ಡಬ್ಬಿ ನೋಡಿಲ್ಲ ಅಂದ್ರೆ ನಾನು ಯಾರ ಹತ್ರ ಹೇಳ್ಲಿ?’ ಎಂದರು ಚಿಕ್ಕಪ್ಪ. ನನ್ನ ಬಳಿ ಉತ್ತರ ಇರಲಿಲ್ಲ.

ಆ ಡಬ್ಬಿಯನ್ನು ನಾನು ಬೇರೊಂದು ಊರಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಪಂಚಾಯಿತಿ ಮಾಳಿಗೆಯ ಮೇಲೆ ಒಂದು ಕಂಬ, ಅದಕ್ಕೊಂದು ಸಣ್ಣ ಸೋಲಾರ್ ಫಲಕ, ಪಕ್ಕದಲ್ಲಿ ಆಲಿಕೆ ಇಟ್ಟ ಸಿಲಿಂಡರ್. ಆಲಿಕೆಯ ಕೆಳಗೆ ತೊಟ್ಟಿಲಿನಂತೆ ಎರಡು ಕಡೆ ವಾಲುವ ಪುಟ್ಟ ಬಟ್ಟಲು. ಒಂದು ಮಗ್ಗುಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮಗ್ಗುಲು ತುಂಬತೊಡಗುತ್ತದೆ. ಎಷ್ಟು ಸಲ ವಾಲಿತು ಎಂಬ ಲೆಕ್ಕ ಹದಿನೈದು ನಿಮಿಷಕ್ಕೊಮ್ಮೆ ಸಿಮ್ ಮೂಲಕ ಬೆಂಗಳೂರಿಗೆ ಹೋಗುತ್ತದೆ. ಅಚ್ಚುಕಟ್ಟಾದ ಯಂತ್ರ. ನಾನು ನೋಡಿದ ದಿನ ಆಲಿಕೆಯಲ್ಲಿ ಎರಡು ಬೇವಿನ ಎಲೆ, ಹಕ್ಕಿಯ ಹಿಕ್ಕೆ. ತೆಗೆಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಯಾರ ಕೆಲಸ, ಅದಕ್ಕೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಎಂಬುದೇ ಪ್ರಶ್ನೆ.

1988ರಷ್ಟು ಹಿಂದೆಯೇ ಬರದ ಮೇಲೆ ಕಣ್ಣಿಡಲು ಪ್ರತ್ಯೇಕ ಘಟಕ ಕಟ್ಟಿದ ರಾಜ್ಯ ನಮ್ಮದು. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದೆ. ಇದು ಹೆಮ್ಮೆಯ ವಿಷಯವೇ. ಆದರೆ ಯಂತ್ರ ಕೊಳ್ಳುವುದು ಒಂದು ವರ್ಷದ ಖರ್ಚು, ಅದನ್ನು ಉಳಿಸಿಕೊಳ್ಳುವುದು ಪ್ರತಿ ವರ್ಷದ್ದು. ಹೊಸದಾಗಿ ಕೊಂಡದ್ದಕ್ಕೆ ಉದ್ಘಾಟನೆ ಇರುತ್ತದೆ, ಫಲಕ ಇರುತ್ತದೆ. ಬ್ಯಾಟರಿ ಬದಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ದೇಶದ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2024ರಲ್ಲಿ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಡೆಯುತ್ತಿದ್ದ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಆರ್ಥಿಕ ವರ್ಷದ ಕೊನೆಗೆ ಮುಚ್ಚಲಾಯಿತು. ಅಲ್ಲಿದ್ದವರು ಗುತ್ತಿಗೆ ನೌಕರರು, ಒಬ್ಬ ತಜ್ಞ, ಒಬ್ಬ ವೀಕ್ಷಕ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ತಾಲ್ಲೂಕುವಾರು ಮಳೆ ಗಾಳಿಯ ಮುನ್ಸೂಚನೆ ನೋಡಿ ಔಷಧಿ ಹೊಡೆಯಬೇಕೋ ಬೇಡವೋ, ಬಿತ್ತನೆಗೆ ಇನ್ನು ನಾಲ್ಕು ದಿನ ತಡೆಯಬೇಕೋ ಎಂದು ರೈತರಿಗೆ ಅವರದೇ ಭಾಷೆಯಲ್ಲಿ ಬರೆದು ಕಳಿಸುತ್ತಿದ್ದರು. ಅವರನ್ನು ಮನೆಗೆ ಕಳಿಸಿ ಆರು ತಿಂಗಳಾಗುವ ಹೊತ್ತಿಗೆ, ಸೆಪ್ಟೆಂಬರ್ 11ರಂದು, ಕೇಂದ್ರ ಸಂಪುಟ ‘ಮಿಷನ್ ಮೌಸಮ್’ಗೆ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿ ಮಂಜೂರು ಮಾಡಿತು. ರಡಾರು ಬೇಕು, ಸೂಪರ್ ಕಂಪ್ಯೂಟರೂ ಬೇಕು. ಆದರೆ ರಡಾರು ಕಂಡದ್ದನ್ನು ಐಮಂಗಲ ಹೋಬಳಿಯ ಶೇಂಗಾ ಹೊಲಕ್ಕೆ ತಲುಪಿಸುವವನು ಇಲ್ಲದೆ ಹೋದರೆ ಆ ಮುನ್ಸೂಚನೆ ಅಷ್ಟು ದೂರದಲ್ಲೇ ಉಳಿಯುತ್ತದೆ.

ಇಂಥ ಸಾಲುಗಳನ್ನು ಬೇರೆ ಕಡೆ ಹೇಗೆ ಜೋಡಿಸುತ್ತಾರೆಂದು ಒಮ್ಮೆ ಓದಿದ್ದೆ. ಅಮೆರಿಕದ ಸಂಸತ್ತು ವರ್ಷಕ್ಕೆ ಹನ್ನೆರಡು ಖರ್ಚಿನ ಮಸೂದೆ ಪಾಸು ಮಾಡಬೇಕು. ಅವುಗಳಲ್ಲಿ ಒಂದು ವಾಣಿಜ್ಯ, ನ್ಯಾಯ, ವಿಜ್ಞಾನ ಮೂರಕ್ಕೂ ಸೇರಿದ್ದು. ಅಲ್ಲಿ ಹವಾಮಾನ ಸಂಸ್ಥೆ ಇರುವುದು ವಾಣಿಜ್ಯ ಇಲಾಖೆಯ ಕೆಳಗೆ, ತೂಕ ಅಳತೆಯ ಮಾನಕ ಸಂಸ್ಥೆಯೂ ಅಲ್ಲೇ. ನಾಸಾ ಮತ್ತು ನ್ಯಾಯ ಇಲಾಖೆಯ ಹಣವೂ ಅದೇ ಮಸೂದೆಯಲ್ಲಿ. ಮೊದಲ ಸಲ ಓದಿದಾಗ ವಾಣಿಜ್ಯ, ನ್ಯಾಯ, ವಿಜ್ಞಾನದ ಈ ಜೋಡಣೆ ವಿಚಿತ್ರ ಅನ್ನಿಸಿತ್ತು. ಚಿಕ್ಕಪ್ಪನ ತೋಟದಿಂದ ನೋಡಿದರೆ ಹಾಗನ್ನಿಸುವುದಿಲ್ಲ. ಮಳೆ ಎಷ್ಟು ಬಿತ್ತು, ಮಾಲು ಎಷ್ಟು ತೂಗಿತು, ಮೋಸವಾದರೆ ಯಾರು ಕೇಳುತ್ತಾರೆ: ಒಬ್ಬ ರೈತನ ಒಂದು ವರ್ಷದಲ್ಲಿ ಈ ಮೂರೂ ಒಂದರ ಹಿಂದೊಂದು ಬರುತ್ತವೆ.

ಮೊದಲು ತೂಕದ ಮಾತು. ಕಾನೂನು ಮಾಪನ ಕಾಯ್ದೆ 2009ರದು. ಅದರ ನಿಯಮದಂತೆ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು. ಮಂಡಿಯಲ್ಲಿ ಸೂಟಿನ ಹೆಸರಲ್ಲಿ ತೂಕ ಮುರಿಯುವುದು, ರಸೀದಿಯ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಡುವುದು ತಪ್ಪೆಂದು ಎಲ್ಲರಿಗೂ ಗೊತ್ತು. ಅದನ್ನು ಹಿಡಿಯಲು ಇನ್‌ಸ್ಪೆಕ್ಟರು ಸಂತೆಗೆ ಬರಬೇಕು, ಬರಲು ಜೀಪಿರಬೇಕು, ಜೀಪಿಗೆ ಡೀಸೆಲ್ಲಿರಬೇಕು.

ನ್ಯಾಯದ ಮಾತು ಇಷ್ಟು ಚಿಕ್ಕದಾಗಿ ಮುಗಿಯುವುದಿಲ್ಲ. ವಿಮೆಯ ದೂರನ್ನು ಗ್ರಾಹಕರ ಆಯೋಗಕ್ಕೆ ಒಯ್ಯಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. 2019ರ ಕಾಯ್ದೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಎನ್ನುತ್ತದೆ. ಆದರೆ ಆಯೋಗ ಇರುವುದು ಜಿಲ್ಲಾ ಕೇಂದ್ರದಲ್ಲಿ. ಧರ್ಮಪುರದ ಕಡೆಯ ರೈತ ಮೊದಲ ಬಸ್ಸು ಹಿಡಿದು ಹಿರಿಯೂರಿಗೆ ಬಂದು, ಅಲ್ಲಿಂದ ಇನ್ನೂ ನಲವತ್ತು ಕಿಲೋಮೀಟರ್ ಚಿತ್ರದುರ್ಗಕ್ಕೆ ಹೋಗಬೇಕು. ಹೋದ ದಿನ ತಾರೀಖು ಮುಂದಕ್ಕೆ ಹೋದರೆ ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ ಮೂರೂ ಹೋದವು. ಒಂದು ಕೋರ್ಟಿನ ಅಂಗಳದಲ್ಲಿ, ಹೊಂಗೆ ಮರದ ಕೆಳಗೆ ಒಬ್ಬ ಅಜ್ಜಿಯನ್ನು ಮಾತಾಡಿಸಿದ್ದೆ. ಭಾಗದ ಕೇಸು. ಸೆರಗಿನ ಗಂಟಿನಲ್ಲಿ ತಾರೀಖಿನ ಚೀಟಿಗಳನ್ನೆಲ್ಲ ಕಟ್ಟಿಕೊಂಡಿದ್ದರು, ಹಳೆಯದೊಂದನ್ನೂ ಬಿಸಾಡಿರಲಿಲ್ಲ. ‘ಇವೆಲ್ಲ ಬಂದಿದ್ದಕ್ಕೆ ಸಾಕ್ಷಿ ಕಣಪ್ಪ’ ಅಂದರು.

ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ ಹೇಳಿದ್ದು 1987ರಲ್ಲಿ. ಅದರ ಅರ್ಧದಷ್ಟೂ ಇಂದಿಗೂ ಇಲ್ಲ. ನ್ಯಾಯಾಧೀಶರೇ ಹಳ್ಳಿಗೆ ಹೋಗಲಿ ಎಂದು ಗ್ರಾಮ ನ್ಯಾಯಾಲಯ ಕಾಯ್ದೆ 2008ರಲ್ಲಿ ಬಂತು, 2009ರ ಗಾಂಧಿ ಜಯಂತಿಯಂದು ಜಾರಿಯಾಯಿತು. ಎಂಥ ಒಳ್ಳೆಯ ಯೋಚನೆ! ಕೇಂದ್ರ ಒಂದು ನ್ಯಾಯಾಲಯಕ್ಕೆ ಒಂದೇ ಸಲ 18 ಲಕ್ಷ, ನಡೆಸಲು ವರ್ಷಕ್ಕೆ 3.20 ಲಕ್ಷ ಕೊಡುವುದೆಂದಾಯಿತು, ಅದೂ ಮೊದಲ ಮೂರು ವರ್ಷ ಮಾತ್ರ. ಆಮೇಲೆ ರಾಜ್ಯದ ಪಾಡು. 2,500 ಗ್ರಾಮ ನ್ಯಾಯಾಲಯಗಳ ಗುರಿಯಲ್ಲಿ ಅಧಿಸೂಚನೆ ಕಂಡದ್ದು ಕಾಲು ಭಾಗವೂ ಅಲ್ಲ. ನಾಲ್ಕನೆಯ ವರ್ಷದ ಸಂಬಳ ಯಾರು ಕೊಡುತ್ತಾರೆ ಎಂದು ಗೊತ್ತಿಲ್ಲದ ಕೋರ್ಟನ್ನು ತೆರೆಯಲು ರಾಜ್ಯಗಳು ಹಿಂದೆಗೆದದ್ದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ತಪ್ಪು ಆ ಲೆಕ್ಕದಲ್ಲೇ ಇತ್ತು.

ನಮ್ಮ ಜಿಲ್ಲೆಗೆ ವಿಜ್ಞಾನದ ದೊಡ್ಡ ಹಣ ಬಂದಿಲ್ಲವೆಂದಲ್ಲ. ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಗಿದೆ. ಅಮೃತಮಹಲ್ ದನ, ಕುರಿ ಮೇಯುತ್ತಿದ್ದ ನೆಲ ಅದು, ಕಳೆದುಕೊಂಡವರ ನೋವು ಇನ್ನೂ ಆರಿಲ್ಲ. ಅಲ್ಲಿನ ರನ್‌ವೇಯಲ್ಲಿ ಇಸ್ರೊದ ‘ಪುಷ್ಪಕ್’ 2023ರ ಏಪ್ರಿಲ್‌ನಲ್ಲಿ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ, ಮೂರು ಸಲ ತಾನೇ ತಾನಾಗಿ ಇಳಿಯಿತು. ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಯಂತ್ರ ನಮ್ಮ ಬಯಲನ್ನು ಹುಡುಕಿಕೊಂಡು ಬಂದು ಇಳಿದದ್ದು ನನಗೂ ಖುಷಿ ತಂದಿದೆ. ಆದರೂ ಆ ಆವರಣದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ವಿಜ್ಞಾನ ಸಂಸ್ಥೆ ಕುದಾಪುರದಲ್ಲಿ ಶಾಲಾ ಮೇಷ್ಟ್ರುಗಳಿಗೆ ಕೊಡುವ ತರಬೇತಿ. ಅಲ್ಲಿ ಪ್ರಯೋಗ ಮಾಡಿ ಕಲಿತ ಮೇಷ್ಟ್ರು ಊರಿಗೆ ಹೋಗಿ ಮಕ್ಕಳಿಂದ ಮಾಡಿಸುತ್ತಾರೆ.

ಘೋಷಣೆಯ ಹಣ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಎಂದಾಗ ಜಿಲ್ಲೆಯಲ್ಲಿ ಪಟಾಕಿ ಹೊಡೆದವರಿದ್ದರು. ಆ ಹಣ ಬಂದಿಲ್ಲವೆಂದು ರಾಜ್ಯ ಸರ್ಕಾರ ಆಮೇಲೆ ವರ್ಷಗಟ್ಟಲೆ ದೂರಿತು, ರೈತರು ಧರಣಿ ಕೂತರು. ಬಜೆಟ್ ಪುಸ್ತಕದಲ್ಲಿ ಬರುವ ವರ್ಷದ ಅಂದಾಜಿನ ಪಕ್ಕದಲ್ಲೇ ಹೋದ ವರ್ಷದ ಪರಿಷ್ಕೃತ ಅಂದಾಜು, ಅದಕ್ಕೂ ಹಿಂದಿನ ವರ್ಷ ನಿಜಕ್ಕೂ ಆದ ಖರ್ಚು ಇರುತ್ತವೆ. ನಾವು ಓದಬೇಕಾದ್ದು ಆ ಕೊನೆಯದನ್ನು. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ಇಷ್ಟು ದೊಡ್ಡ ಮೊತ್ತದಲ್ಲಿ ಮಾಪಕದ ಬ್ಯಾಟರಿ, ತಕ್ಕಡಿ ಇನ್‌ಸ್ಪೆಕ್ಟರ ಡೀಸೆಲ್, ಕೋರ್ಟಿನ ಸ್ಟೆನೊ ಸಂಬಳ ಕಣ್ಣಿಗೆ ಬೀಳುವುದಿಲ್ಲ, ಯಾರಾದರೂ ಹೆಸರು ಹಿಡಿದು ಕೇಳದ ಹೊರತು.

ಚಿಕ್ಕಪ್ಪ ಈಗ ಕೇಳಲು ಹೊರಟಿದ್ದಾರೆ. ಊರಿನ ಹತ್ತು ಜನ ದಾಳಿಂಬೆ ಬೆಳೆಗಾರರ ಸಹಿ ಹಾಕಿಸಿ, ನಮ್ಮ ಪಂಚಾಯಿತಿಗೆ ಇನ್ನೊಂದು ಮಳೆಮಾಪಕ ಬೇಕು, ಇರುವುದನ್ನು ತಿಂಗಳಿಗೊಮ್ಮೆ ನೋಡುವವರು ಬೇಕು, ಅದರ ಖರ್ಚನ್ನು ಬರುವ ಬಜೆಟ್ಟಿನಲ್ಲೇ ಬರೆಯಿರಿ ಎಂದು ಶಾಸಕರಿಗೆ ಅರ್ಜಿ. ಬರೆದುಕೊಟ್ಟವನು ನಾನು. ಬಜೆಟ್ ಮಾರ್ಚಿನಲ್ಲಿ ಮಂಡನೆಯಾದರೂ ಇಲಾಖೆಗಳು ಬೇಡಿಕೆ ಪಟ್ಟಿ ಹಿಡಿದು ಕೂರುವುದು ದೀಪಾವಳಿಯ ಹೊತ್ತಿಗೇ. ಅಷ್ಟರೊಳಗೆ ಇನ್ನೂ ನಾಲ್ಕು ಪಂಚಾಯಿತಿಗಳಿಂದ ಸಹಿ ಬಂದರೆ ಒಟ್ಟಿಗೇ ಕೊಡೋಣ ಎಂದು ಅವರು ತಡೆದು ನಿಂತಿದ್ದಾರೆ.