ದುರ್ಯೋಧನನ ವಾಚು ನೋಡಿ ನಗುವವರಿಗೆ

ವರ್ಷಕ್ಕೆ ಎರಡು ಮೂರು ಸಲ ನಮ್ಮ ಆಫೀಸ್ ಗ್ರೂಪುಗಳಲ್ಲಿ ಅದೇ ಥರದ ವಿಡಿಯೋ ಬಂದು ಬೀಳುತ್ತೆ. ಯಾವುದೋ ಊರಿನ ಸ್ಟೇಜು, ಹಿಂದೆ ದರ್ಬಾರ್ ಸೀನು. ತಲೆ ಮೇಲೆ ಮಿಣಮಿಣ ಕಿರೀಟ, ಹೆಗಲ ಮೇಲೆ ಗದೆ, ಕೈಯಲ್ಲಿ ಬಿಚ್ಚೋದಕ್ಕೆ ಮರೆತ ವಾಚು. ದುರ್ಯೋಧನ ಮೈಕಿನ ಹತ್ತಿರ ಬಂದು ಆಲಾಪ ಎತ್ತುತ್ತಾನೆ, ಅದು ಮುಗಿಯೋದೇ ಇಲ್ಲ. ನಡುವೆ ಅವನ ಭಾವಮೈದುನ ಸ್ಟೇಜ್ ಹತ್ತಿ ನೋಟಿನ ಹಾರ ಹಾಕಿ, ಕ್ಯಾಮೆರಾ ಕಡೆ ನೋಡಿ ಇಳಿದುಹೋಗ್ತಾನೆ. ದುರ್ಯೋಧನ ಹಾರ ಸರಿಮಾಡಿಕೊಂಡು ಬಿಟ್ಟ ಸ್ವರದಿಂದಲೇ ಮುಂದುವರಿಸ್ತಾನೆ. ಕೆಳಗೆ ಸಾಲು ಸಾಲು ನಗುವ ಇಮೋಜಿ.

ನಗಬೇಡಿ ಅನ್ನಲ್ಲ. ನನಗೂ ಆ ಭಾವಮೈದುನ ಇಷ್ಟ. ಆದರೆ ‘ಅಯ್ಯೋ ಎಂಥಾ ಜನಾನಪ್ಪಾ’ ಅನ್ನೋ ಆ ಮೇಲಿಂದ ಇಳಿಯುವ ನಗು ಇದೆಯಲ್ಲ, ಜಗಳ ಇರೋದು ಅದರ ಜೊತೆಗೆ.

ಮೊದಲು ಅಲ್ಲಿ ನಡೀತಿರೋದು ಏನು ಅಂತ ನೋಡಿ. ತುಮಕೂರು, ಮಂಡ್ಯ, ಹಾಸನ, ರಾಮನಗರದ ಕಡೆ ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಅಂತ ಕರಪತ್ರ ಬೀಳುತ್ತೆ. ಆಡೋರು ರೈತರು, ಬಸ್ ಕಂಡಕ್ಟರು, ಪೊಲೀಸ್ ಪೇದೆ, ಪ್ರೈಮರಿ ಸ್ಕೂಲ್ ಮೇಷ್ಟ್ರು, ಅಂಗಡಿ ಇಟ್ಟವರು. ಮೈಕು, ಸೀನರಿ, ಮೇಕಪ್, ವಾದ್ಯದವರು, ಹೆಣ್ಣು ಪಾತ್ರಕ್ಕೆ ಹೊರಗಿಂದ ಬರುವ ಕಲಾವಿದೆಯರು, ಇಷ್ಟರ ಖರ್ಚೂ ಪಾತ್ರಧಾರಿಗಳದ್ದೇ. ಪಾತ್ರ ದೊಡ್ಡದಾದಷ್ಟೂ ಪಾಲು ಜಾಸ್ತಿ. ಕೃಷ್ಣ, ದುರ್ಯೋಧನ ದುಬಾರಿ. ಸಾತ್ಯಕಿ, ಸಹದೇವ ಅಗ್ಗ. ಕೃಷ್ಣನ ಪಾತ್ರಕ್ಕೆ ಮೂರು ಜನ ಪಟ್ಟು ಹಿಡಿದರೆ ಮೂವರಿಗೂ ಸೀನು ಹಂಚಿಬಿಡ್ತಾರೆ. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಅಚ್ಚಾಗುತ್ತೆ. ಸಂಧಾನಕ್ಕೆ ಹೊರಟ ಕೃಷ್ಣ ತೆಳ್ಳಗಿರ್ತಾನೆ, ಯುದ್ಧಭೂಮಿಯಲ್ಲಿ ನಿಂತವನಿಗೆ ಹೊಟ್ಟೆ ಬಂದಿರುತ್ತೆ. ನೋಡೋರು ಯಾರೂ ತಕರಾರು ಮಾಡಲ್ಲ. ಅವತಾರ ಅಂದಮೇಲೆ ಅಷ್ಟಾದರೂ ಬೇಡವೇ!

ನೋಡೋರಿಗೆ ಟಿಕೆಟ್ ಇಲ್ಲ. ಅಂದರೆ ನಮಗೆ ಗೊತ್ತಿರೋ ಮನರಂಜನೆಯ ಲೆಕ್ಕಾಚಾರ ಪೂರಾ ತಲೆಕೆಳಗು. ಹಾಡುವವನು ದುಡ್ಡು ಕೊಡ್ತಾನೆ, ಕೇಳುವವನು ಕಂಬಳಿ ಹೊದ್ದು ಕೂತು ಪುಕ್ಕಟೆ ಕೇಳ್ತಾನೆ, ಚೆನ್ನಾಗಿದ್ರೆ ‘ಒನ್ಸ್ ಮೋರ್’ ಅಂತ ಕೂಗಿ ಅದೇ ಪದ್ಯ ಇನ್ನೊಂದು ಸಲ ಹಾಡಿಸ್ತಾನೆ. ಚೆನ್ನಾಗಿಲ್ಲದಿದ್ರೆ ಅದನ್ನೂ ಕೂಗಿಯೇ ಹೇಳ್ತಾನೆ.

ಇಲ್ಲಿಗೆ ಬಂದಾಗ ನಮ್ಮವರು ಹೇಳೋದು: ‘ದುಡ್ಡು ಕೊಟ್ಟು ಪಾತ್ರ ಮಾಡ್ತಾರಾ? ಬರೀ ಶೋಕಿ!’ ಅಲ್ಲಾ ಸ್ವಾಮಿ, ಹತ್ತು ಕಿಲೋಮೀಟರ್ ಓಡೋದಕ್ಕೆ ನೀವು ದುಡ್ಡು ಕೊಟ್ಟು ಹೆಸರು ನೋಂದಾಯಿಸಲ್ವಾ? ಅದೇ ರಸ್ತೆಯಲ್ಲಿ ಬೇರೆ ದಿನ ಪುಕ್ಕಟೆ ಓಡಬಹುದಿತ್ತು. ಮೂರು ತಿಂಗಳು ಕೋಚಿಂಗು, ಅದಕ್ಕೇ ಬೇರೆ ಬೂಟು, ಕೊನೆಗೆ ಕೊರಳಿಗೊಂದು ಮೆಡಲ್ಲು, ಅದನ್ನ ಕಚ್ಚಿಕೊಂಡು ಫೋಟೋ. ಅದು ಶಿಸ್ತು. ದಿನವಿಡೀ ಡ್ಯೂಟಿ ಮುಗಿಸಿ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು, ತಿಂಗಳುಗಟ್ಟಲೆ ಕಂದ, ವೃತ್ತ, ಸೀಸಪದ್ಯ ಬಾಯಿಪಾಠ ಮಾಡಿ, ಭೀಮಪಲಾಸು ಎಲ್ಲಿ ಏರಬೇಕು ಎಲ್ಲಿ ಇಳೀಬೇಕು ಅಂತ ಬೈಸಿಕೊಂಡು ಕಲಿತರೆ ಅದು ಶೋಕಿ. ಯಾಕೆ? ಕೊರಳಿಗೆ ಬಿದ್ದದ್ದು ಮೆಡಲ್ ಅಲ್ಲ, ನೋಟಿನ ಹಾರ ಅಂತಲಾ?

ಅಭಿಮಾನಿಗಳ ಹುಚ್ಚಾಟ ನಿಮಗೆ ಮುಜುಗರ ಅನ್ನೋದಾದರೆ ಅದನ್ನೂ ನಾನು ನಂಬಲ್ಲ. ‘ರಾಕಿ ಹಾರರ್’ ಅಂತ ಒಂದು ಸಂಗೀತ ನಾಟಕ, 1973ರಲ್ಲಿ ಲಂಡನ್ನಿನಲ್ಲಿ ಶುರುವಾಗಿದ್ದು, 1975ರಲ್ಲಿ ಸಿನಿಮಾ ಆಯ್ತು. ಅದರ ಭಕ್ತರು ಪಾತ್ರಗಳ ವೇಷ ಹಾಕ್ಕೊಂಡು ಮಧ್ಯರಾತ್ರಿ ಷೋಗೆ ಹೋಗ್ತಾರೆ, ಮದುವೆ ಸೀನಿಗೆ ಅಕ್ಕಿ ಎರಚ್ತಾರೆ, ಪರದೆ ಕಡೆ ಕೂಗಿ ಉತ್ತರ ಕೊಡ್ತಾರೆ, ಪರದೆ ಮುಂದೆ ನಿಂತು ತಾವೇ ಅಭಿನಯಿಸ್ತಾರೆ. ಅದರ ಬಗ್ಗೆ ‘ಕಲ್ಟ್’ ಅಂತ ಕಣ್ಣರಳಿಸಿ ಹೇಳೋ ಗೆಳೆಯರೇ ನಮ್ಮ ಭಾವಮೈದುನನ ನೋಟಿನ ಹಾರಕ್ಕೆ ನಗೋದು. 2023ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಮುಂಬೈಗೆ ಬಂದಾಗ ವಿಮಾನ ಹತ್ತಿ ಹೋದವರು ನನಗೆ ಗೊತ್ತು. ಹೋಗಲಿ, ಸಂತೋಷ. ಆದರೆ ಮಾತು ನಿಲ್ಲಿಸಿ ಹಾಡಿಗಿಳಿಯೋದು ಅಲ್ಲಿ ‘ಮ್ಯೂಸಿಕಲ್’, ಇಲ್ಲಿ ‘ಓವರ್ ಆಕ್ಟಿಂಗ್’ ಆಗೋದು ಹೇಗೆ?

ಈ ಹಾಡುಗಾರಿಕೆ ಮಣ್ಣಿನಿಂದ ತಾನಾಗೇ ಎದ್ದದ್ದೂ ಅಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಮತ್ತು ಅದರಂಥ ವೃತ್ತಿ ಕಂಪನಿಗಳು ಕ್ಯಾಂಪ್ ಹಾಕಿದ ಕಡೆಯೆಲ್ಲ ಬಿಟ್ಟುಹೋದ ಆಸ್ತಿ ಅದು. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು, ಹುಚ್ಚು ಅಂದ್ರೆ ಅದು. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಹಾಡು ಊರುಗಳಲ್ಲಿ ಉಳೀತು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು, ಮಗ ಪಳಗಿದ್ದೂ ಅಲ್ಲೇ. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಮಗ ಎದುರುಬದುರು ನಿಂತು ಪದ್ಯದಲ್ಲೇ ಜಗಳ ಆಡೋ ತುಣುಕನ್ನ ನವೆಂಬರ್ ಒಂದಕ್ಕೆ ಸ್ಟೇಟಸ್ ಹಾಕಿಕೊಳ್ತೀರಲ್ಲ, ಅದು ಇದೇ ಕುಲುಮೆಯ ಕಬ್ಬಿಣ ಕಣ್ರೀ. ಅಣ್ಣಾವ್ರು ಹಾಡಿದರೆ ರೋಮಾಂಚನ, ಕಂಡಕ್ಟರ್ ಹಾಡಿದರೆ ಮೀಮು.

ಮರಾಠಿಯವರನ್ನ ನೋಡಿ. ಅವರ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ. ಅವರ ‘ಶಾಕುಂತಲ’ 1880ರದ್ದು. ಇವತ್ತಿಗೂ ಅಲ್ಲಿ ನಾಟ್ಯಗೀತೆಗೆ ಕಛೇರಿಯಲ್ಲಿ ಜಾಗ ಇದೆ. ನಮ್ಮ ಭೀಮಸೇನ ಜೋಶಿಯವರೇ ಅದನ್ನ ಹಾಡಿ ಮೆರೆಸಿದರು. 2015ರಲ್ಲಿ ‘ಕಟ್ಯಾರ್ ಕಾಳಜಾತ್ ಘುಸಲಿ’ ಅನ್ನೋ ಸಂಗೀತ ನಾಟಕ ಸಿನಿಮಾ ಆದಾಗ ಜನ ಥಿಯೇಟರಿಗೆ ನುಗ್ಗಿದರು. ನಮ್ಮ ರಂಗಗೀತೆಗೆ ನಾವು ಕೊಟ್ಟಿರೋ ಜಾಗ ಬೆಳಗ್ಗಿನ ಜಾವದ ಲೌಡ್‌ಸ್ಪೀಕರು, ಅದೂ ಈಗ ರಾತ್ರಿ ಹತ್ತರ ಮೇಲೆ ಹಾಕೋ ಹಾಗಿಲ್ಲ. ಆ ನಿಯಮ ತಪ್ಪು ಅಂತಲ್ಲ, ಮಕ್ಕಳು ಓದಬೇಕು, ಮುದುಕರು ಮಲಗಬೇಕು. ಆದರೆ ರಾತ್ರಿಯಿಡೀ ಹಬ್ಬಿಕೊಂಡಿರೋ ಒಂದು ಕಲೆಗೆ ಅದರಿಂದ ಎಲ್ಲಿ ಏಟು ಬೀಳುತ್ತೆ ಅಂತ ಒಬ್ಬರಾದರೂ ಯೋಚಿಸಬೇಕಿತ್ತು.

ಇನ್ನೊಂದು ಜಾತಿಯವರಿದ್ದಾರೆ, ಹಿತೈಷಿಗಳು. ‘ಕಾನ್ಸೆಪ್ಟ್ ಚೆನ್ನಾಗಿದೆ, ಎರಡು ಗಂಟೆಗೆ ಟ್ರಿಮ್ ಮಾಡಿದ್ರೆ ನಾವೂ ನೋಡಬಹುದು’ ಅಂತಾರೆ. ನೀವು ನೋಡಲಿ ಅಂತ ಅವರು ಆಡ್ತಾನೇ ಇಲ್ವಲ್ಲ! ಟ್ರಿಮ್ ಮಾಡಿದರೆ ಮೊದಲು ಹೋಗೋದು ಎರಡನೇ ಕೃಷ್ಣ, ಆಮೇಲೆ ಸಾತ್ಯಕಿ. ಸಾತ್ಯಕಿ ಮಾಡೋ ಹುಡುಗನ ಮನೆಯವರು ಅವನ ಒಂದೇ ಪದ್ಯಕ್ಕೆ ರಾತ್ರಿ ಎರಡರ ತನಕ ಎದ್ದು ಕೂತಿರ್ತಾರೆ. ಅವರನ್ನ ಮನೆಗೆ ಕಳಿಸಿ ಉಳಿಸಿಕೊಳ್ಳೋದು ಏನನ್ನ?

ಬಯ್ಯಲೇಬೇಕು ಅನ್ನಿಸಿದರೆ ಬಯ್ಯೋದಕ್ಕೆ ಬೇಕಾದಷ್ಟಿದೆ, ವಾಚಿನ ತನಕ ಹೋಗಬೇಕಾಗಿಲ್ಲ. ಸಾಲ ಮಾಡಿ ದುರ್ಯೋಧನ ಆಗೋರಿದ್ದಾರೆ. ಕಿರೀಟ ಇಳಿಸಿದ ಮೇಲೂ ಬಡ್ಡಿ ಇಳಿಯಲ್ಲ. ಪಾತ್ರ ಹಂಚುವಾಗ ಊರಿನ ಜಾತಿ ಲೆಕ್ಕ ನುಸುಳಲ್ಲ ಅಂತ ನಾನು ಪ್ರಮಾಣ ಮಾಡಲಾರೆ. ಎಲ್ಲಕ್ಕಿಂತ ಹೆಚ್ಚಾಗಿ ಆ ಕಲಾವಿದೆಯರು. ಇವತ್ತು ಒಂದೂರಿನ ದ್ರೌಪದಿ, ನಾಳೆ ಇನ್ನೊಂದೂರಿನ ಕುಂತಿ. ಯಾವ ಊರಿನ ಧರ್ಮರಾಯ ಯಾವ ಸಾಲು ನುಂಗಿದರೂ ಸನ್ನೆ ಮಾಡಿ ದಡ ಸೇರಿಸ್ತಾರೆ. ಇಡೀ ಸ್ಟೇಜಿನ ಮೇಲೆ ನಾಟಕವೇ ಹೊಟ್ಟೆಪಾಡಾದವರು ಅವರೇ. ಅವರು ಬಂದಾಗಲೇ ಕೆಟ್ಟ ಶಿಳ್ಳೆ ಬೀಳೋದು. ಬೆಳಗಾದ ಮೇಲೆ ಪೂರ್ತಿ ಬಣ್ಣ ತೊಳೆಯೋದಕ್ಕೂ ಆಗದೆ ಮೊದಲ ಬಸ್ಸು ಹಿಡೀತಾರೆ. ವಿಡಿಯೋ ಮಾಡೋ ಹುಡುಗರು ಅವರ ಫೋನ್ ನಂಬರ್ ಕೇಳ್ತಾರೆಯೇ ಹೊರತು ಹೆಸರು ಕೇಳಲ್ಲ.

ಸಂಕ್ರಾಂತಿ ಕಳೆದರೆ ಸೀಸನ್. ಊರಿಗೆ ಹೋಗೋಕೆ ರಜೆ ಇಲ್ಲ ಅಂದರೆ ಬೆಂಗಳೂರಲ್ಲೇ ರವೀಂದ್ರ ಕಲಾಕ್ಷೇತ್ರ ಇದೆ, ಮಲ್ಲತ್ತಹಳ್ಳಿಯ ಕಲಾಗ್ರಾಮ ಇದೆ. ಯಾವುದೋ ಇಲಾಖೆಯ ನೌಕರರೋ ಯಾವುದೋ ಬಡಾವಣೆಯವರೋ ‘ಕುರುಕ್ಷೇತ್ರ’ ಕಟ್ಟಿರ್ತಾರೆ. ಫ್ಲೆಕ್ಸಿನಲ್ಲಿ ಎಲ್ಲರ ಮುಖ ಇರುತ್ತೆ, ಶುರುವಾಗೋ ಟೈಮ್ ಮಾತ್ರ ನಂಬಬೇಡಿ. ಹಾರ್ಮೋನಿಯಂ ಇರೋ ಕಡೆ ಸೀಟು ಹಿಡೀರಿ. ಮೇಷ್ಟ್ರು ಕಾಲಲ್ಲಿ ತಿದಿ ಒತ್ತುತ್ತಾ, ಒಂದು ಕಣ್ಣು ತಬಲದವನ ಮೇಲೆ ಇಟ್ಟು, ತಡವರಿಸೋ ಅರ್ಜುನನಿಗೆ ಬಾಯಲ್ಲೇ ಸಾಲು ಎತ್ತಿಕೊಡೋದು ಅಲ್ಲಿಂದಲೇ ಸರಿಯಾಗಿ ಕಾಣೋದು.